ಪ್ರದರ್ಶಿತ ವಸ್ತುಗಳು ಏಳಬಾರದು

ಫೆಬ್ರವರಿ ೩, ಸೋಮವಾರ

ಇವತ್ತಿನಿಂದ ನಾನು ಪಾಲಕ. ಇಷ್ಟು ವರ್ಷ ಆರೋಗ್ಯ ಇಲಾಖೆಯಲ್ಲಿ ಪೌಷ್ಟಿಕತೆಯ ಮೇಲೆ ಭಾಷಣ ಮಾಡಿ ಮಾಡಿ ಸವೆದ ಗಂಟಲು ಕೊನೆಗೂ ಒಂದು ಕಟ್ಟಡ ಸಂಪಾದಿಸಿಕೊಂಡಿತು. ಮುಚ್ಚಿಹೋದ ಐಸ್ ಫ್ಯಾಕ್ಟರಿಯನ್ನು ಆಹಾರ ವಸ್ತುಸಂಗ್ರಹಾಲಯ ಮಾಡಬೇಕಂತೆ. ಜನ ಒಳಗೆ ಬಂದು, ಸರಿಯಾಗಿ ತಿನ್ನುವುದನ್ನು ಕಲಿತು, ಹೊರಗೆ ಹೋಗಬೇಕು. ಏಪ್ರಿಲ್ ಕೊನೆಗೆ ಪರಿಶೀಲನಾ ಸಮಿತಿ ಬರುತ್ತದೆ. ಅವರು ಬೇಡ ಅಂದರೆ ಕಟ್ಟಡ ಟಯರ್ ಗೋದಾಮಾಗುತ್ತದೆ. "ನಿಮ್ಮ ಬೆನ್ನ ಹಿಂದೇನೇ ಟಯರಿನವರು ಕೂತಿದಾರೆ, ಜ್ಞಾಪಕ ಇರಲಿ" ಅಂದರು ಸಾಹೇಬರು. ಮಾತಿಗೆ ಹೇಳಿದರು ಅಂದುಕೊಂಡು ತಿರುಗಿ ನೋಡಿದೆ. ನಿಜವಾಗಿಯೂ ಕೂತಿದ್ದರು, ಗೋಡೆ ಅಳೆಯುವ ಟೇಪು ಹಿಡಿದುಕೊಂಡು.

ಮನೆಯಲ್ಲಿ ಊಟದ ಹೊತ್ತಿಗೆ ವಿಷಯ ಹೇಳಿದೆ. "ತಿನ್ನೋದು ತೋರ್ಸೋಕೆ ಒಂದು ಕಟ್ಟಡ ಬೇಕೇನೋ?" ಅಂದಳು ಅಮ್ಮ. ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆ ಎತ್ತಲಿಲ್ಲ. ಹೆಂಡತಿ ಅಡುಗೆಮನೆಯಿಂದಲೇ "ಒಳ್ಳೇದಾಯ್ತು ಬಿಡಿ" ಅಂದಳು. ಅನ್ನ ಆರಿತ್ತು, ಹೇಳಿದೆ, ಬಿಸಿ ಮಾಡಿ ತಂದಳು. ಉಪ್ಪು ಕೇಳಿದೆ, ತಂದಳು. 'ಊಟ ಬಿಸಿಯಿದ್ದಾಗಲೇ ಮಾಡಿ' ಎಂಬ ಫಲಕವನ್ನೇ ಮೊದಲು ಬರೆಸಬೇಕು.

ಈ ದಿನಚರಿ ಯಾರಿಗೂ ತೋರಿಸಲು ಅಲ್ಲ. ಆದರೂ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ, ಯಾಕೋ.

ಫೆಬ್ರವರಿ ೧೧, ಮಂಗಳವಾರ

ನಿಯಮಾವಳಿ ಬಂತು. ಹೊಸದಾಗಿ ಬರೆಯಲು ಯಾರಿಗೂ ಪುರುಸೊತ್ತಿಲ್ಲವಾದ್ದರಿಂದ, ಸಾಹೇಬರ ಕಚೇರಿಯವರು ಶಿಲ್ಪಗಳ ಸಂಗ್ರಹಾಲಯದ ನಿಯಮಾವಳಿಯನ್ನೇ ತರಿಸಿ, 'ಶಿಲ್ಪ' ಎಂದಿದ್ದಲ್ಲೆಲ್ಲ 'ಆಹಾರ' ಎಂದು ತಿದ್ದಿದ್ದಾರೆ. ಬಾಗಿಲಲ್ಲಿ ಆಳೆತ್ತರದ ಬೋರ್ಡು ನಿಲ್ಲಿಸಿಯೂ ಆಯಿತು:

'ಆಹಾರವನ್ನು ಮುಟ್ಟಬಾರದು. ಆಹಾರದ ಮೇಲೆ ಹೆಸರು ಕೆತ್ತಬಾರದು. ಆಹಾರದ ಮೇಲೆ ಮಕ್ಕಳನ್ನು ಕೂರಿಸಿ ಫೋಟೋ ತೆಗೆಯಬಾರದು. ಪ್ರದರ್ಶಿತ ವಸ್ತುಗಳು ವೀಕ್ಷಣೆಯ ವೇಳೆಯಲ್ಲಿ ಸ್ಥಳ ಬಿಟ್ಟು ಕದಲಬಾರದು. ಯಾವುದೇ ವಸ್ತು ಬಿರುಕು ಬಿಟ್ಟರೆ ಪಾಲಕನೇ ಹೊಣೆ; ದುರಸ್ತಿಯನ್ನು ಆತನೇ ಮುಂದೆ ನಿಂತು ಮಾಡತಕ್ಕದ್ದು.'

ನಿಯಮಾವಳಿಯ ಜೊತೆಗೆ ಅಲ್ಲಿಂದಲೇ ಒಬ್ಬ ಕಾವಲುಗಾರನನ್ನೂ ಕಳಿಸಿದ್ದಾರೆ. ಪೊದೆ ಮೀಸೆ, ಕೊರಳಲ್ಲಿ ಸೀಟಿ. ಬಂದವನೇ ಸೆಟೆದು ನಿಂತು ಕೇಳಿದ: "ಸಾರ್, ಇಲ್ಲಿ ತಲೆ ಇಲ್ಲದ್ದು ಎಷ್ಟು, ಕೈ ಮುರಿದಿದ್ದು ಎಷ್ಟು?"

ಸದ್ಯಕ್ಕೆ ಏನೂ ಇಲ್ಲ ಅಂದೆ. ಅವನಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಫೆಬ್ರವರಿ ೨೬, ಬುಧವಾರ

ಮೇಣದ ಮಾದರಿಗಳು ಬಂದವು. ಮೇಣದವನ ಕೈಚಳಕ ಮೆಚ್ಚಲೇಬೇಕು. ಸೊಪ್ಪಿನ ಮೇಲೆ ನೀರಿನ ಹನಿ, ಬಾಳೆಹಣ್ಣಿನ ಮೇಲೆ ಕಪ್ಪು ಚುಕ್ಕೆ, ಬೇಯಿಸಿದ ಮೊಟ್ಟೆಯ ಹಳದಿಯಲ್ಲಿ ಒಂದು ಸಣ್ಣ ಬಿರುಕು. ನಡುವೆ ನನ್ನ ಕನಸಿನ 'ಸಮತೋಲಿತ ತಟ್ಟೆ': ಅನ್ನ, ಬೇಳೆ, ಸೊಪ್ಪು, ಮೊಟ್ಟೆ, ಕ್ಯಾರೆಟ್, ಮೊಸರು, ಹಣ್ಣು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಶಿಸ್ತಾಗಿ. ನೋಡುತ್ತ ನಿಂತರೆ ಕಣ್ಣು ತುಂಬಿ ಬರುತ್ತದೆ.

ಕಾವಲುಗಾರ ಟೊಮೇಟೊ ಒಂದರ ಮೇಲೆ ಹಲ್ಲಿನ ಗುರುತು ಪತ್ತೆ ಮಾಡಿದ್ದಾನೆ. ಗುರುತು ಸಾಹೇಬರ ಹಲ್ಲಿಗೆ ಹೊಂದುತ್ತದೆ. ಇಬ್ಬರೂ ಬಾಯಿ ಬಿಡದಿರಲು ತೀರ್ಮಾನಿಸಿದೆವು.

ಮಾರ್ಚ್ ೯, ಭಾನುವಾರ

ಬಾಗಿಲು ತೆಗೆದು ವಾರವಾಯಿತು. ಒಟ್ಟು ಬಂದವರು: ಬಿಸಿಲಿಗೆ ನೆರಳು ಹುಡುಕಿ ಬಂದ ಇಬ್ಬರು, ಐಸ್ ಕೊಳ್ಳಲು ಬಂದ ಒಬ್ಬ, ಮತ್ತು ಟಯರಿನವರು.

ಇವತ್ತು ಅದಕ್ಕಿಂತ ದೊಡ್ಡ ಏಟು. ತಗಡಿನ ಮಾಡು ಕಾದು, ಐಸ್ ಫ್ಯಾಕ್ಟರಿಯೊಳಗೆ ಮೇಣ ಕರಗಿತು. ಸಮತೋಲಿತ ತಟ್ಟೆಯ ಮೊಟ್ಟೆ ಬೇಳೆಯೊಳಗೆ, ಬೇಳೆ ಸೊಪ್ಪಿನೊಳಗೆ, ಸೊಪ್ಪು ಹಣ್ಣಿನೊಳಗೆ ಇಳಿದು, ಸಂಜೆಯ ಹೊತ್ತಿಗೆ ಎಲ್ಲ ಸೇರಿ ಒಂದು ಹಸಿರು ಮುದ್ದೆ. ಸಾಹೇಬರು ತುಂಬ ಹೊತ್ತು ನೋಡಿದರು. "ಸಮತೋಲನ ಸ್ವಲ್ಪ ಜಾಸ್ತಿ ಆಯ್ತು ಕಣ್ರೀ" ಅಂದರು.

ಮನೆಗೆ ಬಂದು ಉಂಡೆ. ಹೆಂಡತಿ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತಿದ್ದಳು. ಏನು ಅಂದರೆ "ಏನಿಲ್ಲ, ಸೆಕೆ" ಅಂದಳು. ಹೌದು, ಸೆಕೆಯೇ. ಮೇಣವೇ ಕರಗಿದೆ.

ಮಾರ್ಚ್ ೧೧, ಮಂಗಳವಾರ

ಸಾಹೇಬರಿಗೆ ಉಪಾಯ ಹೊಳೆದಿದೆ. ಕರಗದ ಮಾದರಿ ಬೇಕು, ಜನ ನಿಂತು ನೋಡಬೇಕು. ಅಂದರೆ ಜೀವಂತ ಕುಟುಂಬ! ದೊಡ್ಡ ಗಾಜಿನ ಕೋಣೆ, ಒಳಗೆ ಊಟದ ಮೇಜು. ದಿನಾ ಸಂಜೆ ಒಂದು ಕುಟುಂಬ ಒಟ್ಟಿಗೆ ಕೂತು ಪೌಷ್ಟಿಕವಾದ ಊಟ ಮಾಡುತ್ತದೆ, ಜನ ಹೊರಗಿನಿಂದ ನೋಡಿ ಕಲಿಯುತ್ತಾರೆ. ಒಳಗಿನ ಮಾತು ಹೊರಗೆ, ಹೊರಗಿನ ಮಾತು ಒಳಗೆ ಕೇಳಲು ಮೈಕು, ಸ್ಪೀಕರು.

"ಕುಟುಂಬ ಎಲ್ಲಿಂದ ತರೋದು ಸಾರ್?"

"ನಿಮ್ಮದೇ ಒಂದಿದೆಯಲ್ರೀ, ಸುಮ್ನೆ ಮನೇಲಿ ಕೂತಿದೆ."

ಮನೆಯಲ್ಲಿ ಹೇಳಿದಾಗ ಅಮ್ಮ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದಳು. ಮಗಳು "ನನ್ನ ಫ್ರೆಂಡ್ಸ್ ಏನಾದ್ರೂ ನೋಡಿದ್ರೆ ನಾನು ಕಾಲೇಜು ಬಿಡ್ತೀನಿ, ಈಗ್ಲೇ ಹೇಳಿದೀನಿ ಅಪ್ಪ" ಅಂದಳು. ಹೆಂಡತಿ ಒಂದೇ ಮಾತು ಕೇಳಿದಳು: "ರೀ, ಅಲ್ಲಿ ಅಡುಗೆಮನೆ ಎಷ್ಟು ದೂರ?"

ಗಾಜಿನ ಕೋಣೆಯ ಹಿಂದೆಯೇ ಅಂದೆ. ಸರಿ ಅಂದಳು. ಅವಳದ್ದು ಯಾವುದಕ್ಕೂ ತಕರಾರಿಲ್ಲ, ಅದೊಂದು ಪುಣ್ಯ.

ಮಾರ್ಚ್ ೧೬, ಭಾನುವಾರ

ಮೊದಲ ದಿನ. ಮೊದಲ ಅನಾಹುತ.

ನಾಲ್ವರೂ ಮೇಜಿನ ಸುತ್ತ ಕೂತೆವು. ಹೊರಗೆ ಹನ್ನೆರಡು ಜನ. ಅಮ್ಮ ಅವರಿಗೆಲ್ಲ ಕೈ ಬೀಸಿದಳು. ನಾನು ಅಭ್ಯಾಸಬಲದಿಂದ "ಉಪ್ಪು" ಅಂದೆ. ಹೆಂಡತಿ ಎದ್ದಳು. ಎರಡು ಹೆಜ್ಜೆ ಇಟ್ಟಿರಬೇಕು, ಕಿವಿ ಹರಿದುಹೋಗುವ ಹಾಗೆ ಸೀಟಿ.

ಕಾವಲುಗಾರ ಗಾಜಿಗೆ ಮೀಸೆ ಅಂಟಿಸಿ ಕೂಗುತ್ತಿದ್ದ: "ಕೂತ್ಕೊಳ್ಳಿ ಅಮ್ಮಾ! ಪ್ರದರ್ಶಿತ ವಸ್ತು ಏಳಂಗಿಲ್ಲ!"

"ಉಪ್ಪು ತರ್ತೀನಿ ಅಷ್ಟೇ ಅಣ್ಣ."

"ಉಪ್ಪೂ ಇಲ್ಲ, ಗಿಪ್ಪೂ ಇಲ್ಲ. ಮೂವತ್ತು ವರ್ಷದಲ್ಲಿ ನನ್ನ ಕಾವಲಲ್ಲಿ ಒಂದೇ ಒಂದು ಮೂರ್ತಿ ಎದ್ದು ಹೋಗಿಲ್ಲ!"

ಸಾಹೇಬರನ್ನು ಕರೆಸಿದೆ. ಅವರು ಬೋರ್ಡು ಎರಡು ಸಲ ಓದಿದರು. ನಿಯಮ ನಿಯಮವೇ ಅಂದರು. ಅತ್ತೆ ಪ್ರದರ್ಶಿತ ವಸ್ತು, ಸೊಸೆ ಪ್ರದರ್ಶಿತ ವಸ್ತು, ಮೊಮ್ಮಗಳೂ ಅಷ್ಟೇ. ಹಾಗಾದರೆ ಬಡಿಸುವವರು ಯಾರು? ಕದಲಲು ಅನುಮತಿ ಇರುವುದು ಪಾಲಕನಿಗೆ ಮಾತ್ರ. ನಾಡಿಗೆ ಪೌಷ್ಟಿಕತೆ ಬೋಧಿಸುವ ನಾನು ಸೌಟು ಹಿಡಿದು ನಿಂತೆ.

ಹೆಂಡತಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ತೊಡೆಯ ಮೇಲಿಟ್ಟಳು, ಮೇಜಿನ ಮೇಲಿಟ್ಟಳು, ಮತ್ತೆ ತೊಡೆಯ ಮೇಲಿಟ್ಟಳು. ಬಡಿಸಿದ ಮೇಲೆ ಮೊದಲ ತುತ್ತಿಗೇ ನಾಲಿಗೆ ಸುಟ್ಟುಕೊಂಡಳು. "ಇಷ್ಟು ಬಿಸಿ ಇರುತ್ತಾ?" ಅಂತ ಮಗಳನ್ನು ಕೇಳುತ್ತಿದ್ದಳು. ಇಷ್ಟು ವರ್ಷದಿಂದ ಅಡುಗೆ ಮಾಡುವವಳಿಗೆ ಅನ್ನ ಬಿಸಿ ಇರುತ್ತದೆಂದು ಗೊತ್ತಿಲ್ಲವೇ? ಅಜಾಗರೂಕತೆ.

ಮಾರ್ಚ್ ೧೮, ಮಂಗಳವಾರ

ನಾನು ಬಡಿಸಲು ಎದ್ದರೆ ಯಜಮಾನನ ಕುರ್ಚಿ ಖಾಲಿ. ಕುಟುಂಬ ಅಪೂರ್ಣ ಅಂತ ವೀಕ್ಷಕರ ದೂರು. ಆದ್ದರಿಂದ ಮೇಣದವನು ಬಟ್ಟೆ, ಹತ್ತಿ ತುರುಕಿ ನನ್ನದೊಂದು ಬೊಂಬೆ ಮಾಡಿ ಕೂರಿಸಿದ್ದಾನೆ. ನನ್ನ ಹಳೆಯ ಶರಟು, ಹಳೆಯ ಕನ್ನಡಕ, ಕೈಯಲ್ಲಿ ಪೇಪರು.

ಮಗಳು ಅದನ್ನು ಎಲ್ಲ ಕೋನದಿಂದ ನೋಡಿದಳು. "ಪರವಾಗಿಲ್ಲ, ಮನೇಲೂ ಹೀಗೇ ಅಲ್ವಾ" ಅಂದಳು. ಅಮ್ಮ ಅದಕ್ಕೆ "ಇನ್ನೊಂಚೂರು ಹಾಕ್ಸ್ಕೊಳ್ಳೋ" ಅಂತ ಎರಡು ಸಲ ಉಪಚಾರ ಮಾಡಿದಳು. ಕಣ್ಣು ಮಂಜಾಗಿದೆ, ಪಾಪ. ವೀಕ್ಷಕರಲ್ಲಿ ಒಬ್ಬರೂ ವ್ಯತ್ಯಾಸ ಕಂಡುಹಿಡಿಯಲಿಲ್ಲ. "ಗಂಡ ಎಷ್ಟು ಶಾಂತ ನೋಡ್ರೇ" ಅಂದಳು ಒಬ್ಬಳು.

ಈ ಹೊಗಳಿಕೆ ಯಾರಿಗೆ ಸಲ್ಲಬೇಕು ಎಂಬುದು ನನಗೆ ಸ್ಪಷ್ಟವಾಗಲಿಲ್ಲ.

ಮಾರ್ಚ್ ೨೨, ಶನಿವಾರ

ಅಳತೆಯಲ್ಲಿ ಏನೋ ತಪ್ಪಿದೆ. ಗಾಜಿನ ಕೋಣೆಯ ಹಿಂದೆ ಹೆಂಡತಿ ಮಾಡಿಟ್ಟ ಅಡುಗೆಯನ್ನು ನಾನು ಬಡಿಸುತ್ತ ಹೋದರೆ, ಅಮ್ಮ, ಮಗಳು ಮತ್ತು ನನ್ನ ಪಾಲು (ಬೊಂಬೆಯ ಮುಂದೆ ತೋರಿಕೆಗೆ ಬಡಿಸಿ, ಆಮೇಲೆ ನಾನು ತಿನ್ನುತ್ತೇನೆ) ಮುಗಿಯುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತದೆ. ಇವತ್ತು ಅವಳ ತಟ್ಟೆಗೆ ಒಂದು ಸೌಟು ಅನ್ನ, ನೀರಾದ ಬೇಳೆ. ಸೊಪ್ಪು ಇಲ್ಲವೇ ಇಲ್ಲ.

ಹೊರಗಿದ್ದ ಒಬ್ಬ ಹೆಂಗಸು ಮೈಕಿಗೆ ಬಾಯಿಟ್ಟು "ರೀ ಸೌಟಿನವರೇ! ಆ ಯಮ್ಮನಿಗೆ ಸೊಪ್ಪೇ ಬರ್ಲಿಲ್ಲ!" ಅಂತ ಕೂಗಿದಳು. ಹಿಂದೆ ನಿಂತವರೆಲ್ಲ "ಹೌದೌದು" ಅಂದರು. ನನ್ನ ವೃತ್ತಿಜೀವನದಲ್ಲಿ ಇಂಥ ಅವಮಾನ ಆಗಿರಲಿಲ್ಲ.

ಮನೆಗೆ ಬಂದು ಕೇಳಿದೆ. "ಅಳತೆ ತಪ್ಪಿದೆಯಲ್ಲೇ?"

"ತಪ್ಪಿಲ್ಲ. ಯಾವಾಗ್ಲೂ ಇಷ್ಟೇ ಮಾಡೋದು."

"ಹಾಗಿದ್ರೆ ನಿನ್ನ ಪಾಲು?"

"ಉಳಿದಿದ್ದು."

"ಉಳೀದೆ ಹೋದ್ರೆ?"

"ಏನಾದ್ರೂ ಉಳಿದೇ ಉಳಿಯುತ್ತೆ ರೀ. ತಳ ಹಿಡಿದಿದ್ದು, ಬೆಳಗ್ಗೆದು... ಯಾಕೆ ಇದನ್ನೆಲ್ಲ ಈಗ ಕೇಳ್ತಿದೀರ?"

ಈ ಲೆಕ್ಕ ನನಗೆ ಹತ್ತಲಿಲ್ಲ. ನಾಳೆಯಿಂದ ಒಂದು ಪಾವು ಜಾಸ್ತಿ ಹಾಕು ಅಂತ ಹೇಳಿದ್ದೇನೆ. ವೀಕ್ಷಕರ ಬಾಯಿ ಮುಚ್ಚಿಸಲಿಕ್ಕೆ.

ಮಾರ್ಚ್ ೨೫, ಮಂಗಳವಾರ

ಪೌಷ್ಟಿಕತೆಯ ಪ್ರಚಾರಕ್ಕಾಗಿ ಬಾಗಿಲ ಬಳಿ ರಕ್ತ ಪರೀಕ್ಷೆಯ ಮೇಜು ಹಾಕಿಸಿದೆ. ಬೆರಳಿಗೆ ಒಂದು ಚುಚ್ಚು, ರಕ್ತ ಎಷ್ಟಿದೆ ಎಂದು ಯಂತ್ರ ಕೂಡಲೇ ಹೇಳುತ್ತದೆ. ಉದ್ಘಾಟನೆಯ ಫೋಟೋಕ್ಕೆ ನನ್ನ ಹೆಂಡತಿಯ ಬೆರಳನ್ನೇ ಮುಂದೆ ಮಾಡಿದೆ. ಮಾದರಿ ಕುಟುಂಬದ ಮಾದರಿ ಗೃಹಿಣಿ!

ನರ್ಸ್ ಯಂತ್ರ ನೋಡಿದಳು, ಅಲ್ಲಾಡಿಸಿದಳು, ಮತ್ತೆ ನೋಡಿದಳು. "ಏಳು ಸಾರ್" ಅಂದಳು ಮೆಲ್ಲಗೆ.

"ಹನ್ನೆರಡಾದ್ರೂ ಇರಬೇಕಲ್ಲಮ್ಮ."

"ಇರಬೇಕು ಸಾರ್. ಇಲ್ಲ."

ಯಂತ್ರ ಕೆಟ್ಟಿದೆ. ನನ್ನ ಬೆರಳಿಗೆ ಚುಚ್ಚಿಸಿಕೊಂಡೆ, ಹದಿನೈದು ತೋರಿಸಿತು. ಅಂದರೆ ಯಂತ್ರ ಗಂಡಸರ ಮಟ್ಟಿಗೆ ಸರಿಯಾಗಿದೆ, ಹೆಂಗಸರ ಮಟ್ಟಿಗೆ ಕೆಟ್ಟಿದೆ. ರಿಪೇರಿಗೆ ಕಳಿಸಿದೆ.

ಮಾರ್ಚ್ ೨೭, ಗುರುವಾರ

ಯಂತ್ರಕ್ಕೇನೂ ಆಗಿಲ್ಲ ಎಂದು ವಾಪಸ್ ಕಳಿಸಿದ್ದಾರೆ. ನಾನು ಬಿಡುವವನೇ? ಇನ್ನೊಂದು ಯಂತ್ರ ತರಿಸಿದೆ. ಅದು ಆರೂ ಮುಕ್ಕಾಲು ಎಂದಿತು. ಎರಡೂ ಒಂದೇ ಕಂಪನಿಯವು, ಒಳಗೊಳಗೇ ಮಾತಾಡಿಕೊಂಡಿರಬೇಕು. ಮೂರನೆಯದಕ್ಕೆ ಹೇಳಿ ಕಳಿಸಿದ್ದೇನೆ.

"ಯಂತ್ರ ಬಿಡಿ ರೀ, ಬೆರಳೆಲ್ಲ ತೂತಾಯ್ತು" ಅಂದಳು ಅವಳು, ನಗುತ್ತಲೇ. ನಗುವಾಗ ತುಟಿ ಬಿಳುಚಿಕೊಂಡಿತ್ತು. ಗಾಜಿನ ಕೋಣೆಯ ದೀಪದ ಬೆಳಕು ಸ್ವಲ್ಪ ಬಿಳಿ. ಬದಲಾಯಿಸಬೇಕು.

ಮಾರ್ಚ್ ೩೦, ಭಾನುವಾರ

ಇವತ್ತು ಗಾಜಿನ ಸುತ್ತ ನಿಲ್ಲಲು ಜಾಗವಿರಲಿಲ್ಲ. ನಾನು ಅಮ್ಮನಿಗೆ ಮೊಸರು ಬಡಿಸುತ್ತಿದ್ದೆ. ಹೆಂಡತಿ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ತಲೆ ಇಟ್ಟಳು. ಜನ ಚಪ್ಪಾಳೆ ತಟ್ಟಿದರು. ಆಟದ ಒಂದು ಭಾಗ ಅಂದುಕೊಂಡರಂತೆ. ನಾನೂ ಒಂದು ಕ್ಷಣ, ಎಷ್ಟು ಸಹಜವಾಗಿ ಮಾಡಿದಳು, ಅಂದುಕೊಂಡೆ. ಬರೆಯಲು ನಾಚಿಕೆಯಾಗುತ್ತದೆ.

ಮಗಳು "ಅಮ್ಮಾ" ಅಂತ ಕಿರುಚಿದಾಗ ನನ್ನ ಕೈಯಿಂದ ಪಾತ್ರೆ ಬಿತ್ತು. ಕಾವಲುಗಾರ ಉದ್ದಕ್ಕೆ ಸೀಟಿ ಊದುತ್ತ ಓಡಿ ಬಂದ. "ಸಾರ್! ವಸ್ತು ಬಿತ್ತು ಸಾರ್!" ಅವನ ಕಣ್ಣಲ್ಲಿ ನೀರಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದರು. "ಇಷ್ಟು ಕಮ್ಮಿ ರಕ್ತ ಇಟ್ಕೊಂಡು ಹೇಗೆ ಓಡಾಡ್ತಿದ್ರಿ? ಹೀಗೇ ಬಿಟ್ರೆ ಹೃದಯ ಸೋತುಹೋಗುತ್ತೆ. ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆ ಒಂದೇ ಸಾಲದು, ಹೊಟ್ಟೆ ತುಂಬ ಊಟ ಮಾಡ್ಬೇಕು, ಕೂತ್ಕೊಂಡು, ಎಲ್ಲರ ಜೊತೆಗೇ, ಉಳಿದಿದ್ದನ್ನಲ್ಲ. ಏಪ್ರಿಲ್ ಕೊನೆಗೆ ಹತ್ತು ದಾಟದಿದ್ರೆ ಅಡ್ಮಿಟ್ ಮಾಡಿ ರಕ್ತ ಏರಿಸ್ಬೇಕಾಗುತ್ತೆ." ಆಮೇಲೆ ಚೀಟಿ ಬರೆಯುತ್ತ, "ಮನೆಯವರು ಏನ್ ಕೆಲಸ ಮಾಡ್ತಾರೆ?" ಅಂತ ಕೇಳಿದರು.

ಮಗಳು ಹೇಳಿದಳು. ನಾನು ಫ್ಯಾನು ನೋಡುತ್ತಿದ್ದೆ.

ಮಾರ್ಚ್ ೩೧, ಸೋಮವಾರ

ಹೆದರಿದ್ದೇನೆ.

ಅಮ್ಮ ಪಕ್ಕದಲ್ಲಿ ಬಂದು ಕೂತಳು. "ನಾನೂ ಹಂಗೇ ತಿಂದೆ ಕಣೋ, ನಿಂತ್ಕೊಂಡೇ. ನಿಮ್ಮಪ್ಪ ಒಂದ್ಸಲಾನೂ ಒಳಗೆ ಬಂದು ನೋಡ್ಲಿಲ್ಲ. ಆವಾಗ ಗಾಜು ಇರ್ಲಿಲ್ವಲ್ಲ."

ಮೂರನೆಯ ಯಂತ್ರ ಬಂತು. ಡಬ್ಬ ಬಿಚ್ಚಲಿಲ್ಲ.

ಏಪ್ರಿಲ್ ೩, ಗುರುವಾರ

ಸಾಹೇಬರು ಬೋರ್ಡಿನ ಕೊನೆಯ ಸಾಲಿಗೆ ಬೆರಳಿಟ್ಟರು. "ಬಿರುಕು ಬಿಟ್ಟಿದೆ. ಪಾಲಕನೇ ಹೊಣೆ. ಮುಂದೆ ನಿಂತು ದುರಸ್ತಿ ಮಾಡಿ."

ಹಾಗಾಗಿ ಮನೆಯಲ್ಲಿ ಒಲೆಯ ಮುಂದೆ ನಿಂತಿದ್ದೇನೆ. ಭಾಷಣದಲ್ಲಿ ಇಷ್ಟು ವರ್ಷ ಸೊಪ್ಪು, ಬೇಳೆ ಎನ್ನುತ್ತಿದ್ದೆ. ಸೊಪ್ಪಿನಲ್ಲಿ ಮಣ್ಣಿರುತ್ತದೆ, ನಾಲ್ಕು ನೀರು ತೊಳೆಯಬೇಕು ಎಂದು ಯಾವ ಭಾಷಣದಲ್ಲೂ ಇರಲಿಲ್ಲ. ಮೊದಲ ದಿನವೇ ಅನ್ನ ಸೀದುಹೋಯಿತು, ಬೇಳೆ ಬೇಯಲಿಲ್ಲ. ಹೆಂಡತಿ ಹಾಸಿಗೆಯಿಂದಲೇ ಮೂಗರಳಿಸಿ "ಒಲೆ ಸಣ್ಣ ಮಾಡಿ ರೀ" ಅಂದಳು. ವಾಸನೆಯಿಂದಲೇ ಹೇಗೆ ಗೊತ್ತಾಗುತ್ತದೋ. "ಉಪ್ಪು ಎಲ್ಲಿದೆ?" ಅಂತ ಕೂಗಿದೆ. ಅವಳಿಗೆ ನಗು ತಡೆಯಲಾಗಲಿಲ್ಲ, ನಗುತ್ತ ನಗುತ್ತ ಕೆಮ್ಮಿದಳು. ನಗುವಂಥದ್ದು ಏನಿತ್ತೋ.

ಏಪ್ರಿಲ್ ೭, ಸೋಮವಾರ

ಅವಳು ಮತ್ತೆ ಗಾಜಿನ ಕೋಣೆಗೆ ಬರಲು ಶುರು ಮಾಡಿ ಎರಡು ದಿನವಾಯಿತು. ನಾನು ಬೇಡ ಅಂದೆ, ಅವಳೇ ಹಟ ಹಿಡಿದಳು. "ಅಲ್ಲಿ ಕೂತ್ಕೊಂಡು ತಿನ್ಬಹುದು" ಅಂದಳು.

ಇವತ್ತು ವಾರದ ರಜೆ, ಊಟ ಮನೆಯಲ್ಲಿ. ಬಡಿಸಿ, ಕುಡಿಯುವ ನೀರು ತರಲು ಹೊರಗೆ ಹೋಗಿ ಬರುವಷ್ಟರಲ್ಲಿ ಅವಳು ಕುರ್ಚಿಯಲ್ಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಪಾತ್ರೆಯ ತಳ ಬಳಿದು ತಿನ್ನುತ್ತಿದ್ದಾಳೆ! ಮೇಜಿನ ಮೇಲೆ ಅವಳ ತಟ್ಟೆ ಹಾಗೇ ಇದೆ, ಅದರಲ್ಲಿದ್ದ ಮೊಟ್ಟೆ ಮಗಳ ತಟ್ಟೆಗೆ ಹೋಗಿದೆ.

"ಕೂತ್ಕೊಳ್ಳೇ" ಅಂದೆ.

"ಕೂತ್ರೆ ಸೇರಲ್ಲ ರೀ ಮನೇಲಿ. ಯಾರೋ ಕರೀತಿದಾರೆ ಅನ್ಸುತ್ತೆ."

"ಯಾರೂ ಕರೀತಿಲ್ಲ."

"ಗೊತ್ತು. ಆದ್ರೂ ಕಾಲು ನಿಲ್ಲಲ್ಲ."

ಬೈದೆ, ಬೇಡಿಕೊಂಡೆ. ಮನೆಯಲ್ಲಿ ಯಾವ ನಿಯಮವಿದೆ ನನ್ನ ಕೈಯಲ್ಲಿ?

ಏಪ್ರಿಲ್ ೧೪, ಸೋಮವಾರ

ಪರಿಹಾರ ಸಿಕ್ಕಿತು. ಕಾವಲುಗಾರನನ್ನು ಮನೆಗೆ ಕರೆಸಿದೆ. ಅಡುಗೆಮನೆಯ ಬಾಗಿಲಲ್ಲಿ ಸಮವಸ್ತ್ರ ತೊಟ್ಟು ನಿಂತ. ಅವಳು ಕುರ್ಚಿಯಿಂದ ಒಂದಂಗುಲ ಎದ್ದಳೋ ಇಲ್ಲವೋ, ಪೀ! ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಬೆಕ್ಕು ಮನೆ ಬಿಟ್ಟಿತು. ಆದರೆ ಅವಳು ಕೂತಳು, ಬಡಿಸಿದ್ದೆಲ್ಲ ತಿಂದಳು, ಎರಡನೇ ಸಲ ಹಾಕಿಸಿಕೊಂಡಳು. "ಅಣ್ಣನ ಮೀಸೆ ನೋಡಿದ್ರೇನೇ ಏಳೋಕೆ ಭಯ" ಅಂದಳು.

ಆಮೇಲೆ ಕಾವಲುಗಾರನಿಗೂ ಬಡಿಸಿದೆ. ಹುಡುಗಿಯ ಹಾಗೆ ನಾಚಿಕೊಂಡು ಉಂಡ. ಅನ್ನ ಮುಗಿದಿತ್ತು. ನನಗೆ ತಳದ ಸೀಕಲು ಸಿಕ್ಕಿತು. ಮೊಸರು ಹಾಕಿದರೆ ಪರವಾಗಿಲ್ಲ.

ಏಪ್ರಿಲ್ ೨೦, ಭಾನುವಾರ

ಸಾಲು ಬಸ್ ನಿಲ್ದಾಣದವರೆಗೂ ಇತ್ತು. ಜನ ಈಗ ಪೌಷ್ಟಿಕತೆ ನೋಡಲು ಬರುತ್ತಿಲ್ಲ, ಅವಳು ಉಂಡಳೋ ಇಲ್ಲವೋ ನೋಡಲು ಬರುತ್ತಿದ್ದಾರೆ. ಒಂದೊಂದು ತುತ್ತಿಗೂ ಗಾಜಿನ ಆಚೆ ಒಂದು ನಿಟ್ಟುಸಿರು. ಮೊಟ್ಟೆ ಪೂರ್ತಿ ತಿಂದಾಗ ಶಿಳ್ಳೆ. ತಟ್ಟೆ ಖಾಲಿಯಾದಾಗ ಯಾರೋ ಅಪರಿಚಿತರು ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಅವತ್ತು ಸೊಪ್ಪಿಗಾಗಿ ಕೂಗಿದ್ದ ಹೆಂಗಸು ಇವತ್ತು ನನ್ನನ್ನು ಹುಡುಕಿಕೊಂಡು ಬಂದಳು. "ಸೌಟಿನವರೇ, ನಾನೂ ಈಗ ಕೂತ್ಕೊಂಡೇ ಊಟ ಮಾಡೋದು. ಮನೆಯವರು ಇದೇನೇ ಹೊಸದು ಅಂದ್ರು. ಮ್ಯೂಸಿಯಮ್ಮಲ್ಲಿ ಹಂಗೇ ತೋರ್ಸಿದಾರೆ, ನಾನೇನ್ ಮಾಡ್ಲಿ ಅಂದೆ." ಅವಳ ಹಿಂದೆ ಅವಳ ಗಂಡ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಅನ್ನ ಸೀಯದಿರಲು ಏನು ಮಾಡುತ್ತೀರಿ ಎಂದು ನನ್ನನ್ನು ಗುಟ್ಟಾಗಿ ಕೇಳಿದ. ಒಲೆ ಸಣ್ಣ ಇರಲಿ, ಉಪ್ಪಿನ ಡಬ್ಬಿ ಬಲಗಡೆ ಕೈಗೆ ಸಿಗುವಲ್ಲಿ ಇರಲಿ, ನಡುವೆ ಪೇಪರ್ ಓದಬೇಡಿ ಅಂದೆ.

ಶರಟು ಯಾಕೋ ದೊಗಳೆಯಾಗುತ್ತಿದೆ. ಒಗೆದು ಒಗೆದು ಹಿಗ್ಗಿರಬೇಕು.

ಏಪ್ರಿಲ್ ೨೯, ಮಂಗಳವಾರ

ಬೆಳಗ್ಗೆ ನರ್ಸ್ ಮೇಜಿನ ಮುಂದೆ ಹೆಂಡತಿ ಬೆರಳು ಚಾಚಿದಳು. ಮೂರನೆಯ ಯಂತ್ರದ ಡಬ್ಬವನ್ನು ಇವತ್ತು ಬಿಚ್ಚಿದೆವು. ನಾನು ಕಣ್ಣು ಮುಚ್ಚಿಕೊಂಡೆ. ನರ್ಸ್ "ಹತ್ತೂಕಾಲು" ಅಂದಳು. ಇನ್ನೊಮ್ಮೆ ನೋಡಿ ಅಂದೆ. ಹತ್ತೂಕಾಲೇ. ಒಳ್ಳೆಯ ಯಂತ್ರ. ಮೊದಲೇ ಇದನ್ನೇ ತರಿಸಬೇಕಿತ್ತು. ಕಾವಲುಗಾರನ ಸ್ಟೂಲಿನ ಮೇಲೆ ಕೂತು ಸುಮ್ಮನೆ ಅತ್ತೆ. ಅವನು ಕೈಯಿಂದ ನನಗೆ ಗಾಳಿ ಬೀಸಿದ.

ಮಧ್ಯಾಹ್ನ ಸಮಿತಿ ಬಂತು. ಮೂವರೂ ಗಾಜಿನ ಮುಂದೆ ನಿಂತು ಊಟ ನೋಡಿದರು. ಅಧ್ಯಕ್ಷರು ಬಹಳ ಮೆಚ್ಚಿದರು. ಸಂಗ್ರಹಾಲಯ ಉಳಿಯುತ್ತದೆ, ಟಯರಿನವರು ಬೇರೆ ಕಟ್ಟಡ ನೋಡಿಕೊಳ್ಳಲಿ ಎಂದರು. ಆಮೇಲೆ ಗಂಟಲು ಸರಿ ಮಾಡಿಕೊಂಡರು. "ಆದರೆ ಒಂದು ತೊಡಕಿದೆ. ಉಸಿರಾಡೋದನ್ನ ಪ್ರದರ್ಶನಕ್ಕೆ ಇಡೋದು ಮೃಗಾಲಯ ಇಲಾಖೆಯ ವ್ಯಾಪ್ತಿಗೆ ಬರುತ್ತೆ. ಅವರು ಆಕ್ಷೇಪ ಎತ್ತಿದಾರೆ."

ನಮ್ಮ ಜಾಗದಲ್ಲಿ ಬಿಸಿಲಿಗೆ ಕರಗದ ಫೈಬರ್ ಮೂರ್ತಿಗಳು ಬರುತ್ತವೆ. ಟಯರಿನವರು ಟೇಪು ಮಡಚಿಕೊಂಡು ಹೋದರು. ಹೋಗುವಾಗ ಒಬ್ಬ ಹೆಂಡತಿಗೆ "ಹುಷಾರು ಅಕ್ಕ" ಅಂದ.

ಮೇ ೪, ಭಾನುವಾರ

ಮೂರ್ತಿಗಳು ಬಂದವು. ಅಮ್ಮ ಕೈ ಬೀಸುತ್ತಿದ್ದಾಳೆ. ಮಗಳ ಕೈಯಲ್ಲಿ ಫೋನು. ಹೆಂಡತಿ ನೆಟ್ಟಗೆ ಕೂತಿದ್ದಾಳೆ, ತಟ್ಟೆ ತುಂಬಿದೆ, ಎರಡೂ ಕೈ ಮೇಜಿನ ಮೇಲೆ. ಪೇಪರ್ ಹಿಡಿದು ಕೂತ ಯಜಮಾನನನ್ನೂ ಮಾಡು ಅಂತ ಮೇಣದವನಿಗೆ ಹೇಳಿದ್ದೆ. ಅವನು ಒಪ್ಪಲಿಲ್ಲ. ಜನ ನೋಡಿರುವುದು ನಿಂತವನನ್ನೇ, ಕೂತವನನ್ನು ಯಾರೂ ಗುರುತು ಹಿಡಿಯುವುದಿಲ್ಲ ಎಂದು ಸೌಟು ಕೊಟ್ಟು ನಿಲ್ಲಿಸಿದ್ದಾನೆ. ಹೊಟ್ಟೆ ಇನ್ನೂ ಸ್ವಲ್ಪ ಇರಬೇಕಿತ್ತು ಅನ್ನಿಸಿತು.

ಹತ್ತಿ ತುಂಬಿದ ಹಳೆಯ ಬೊಂಬೆಯನ್ನು ಯಾರೂ ಕೇಳಲಿಲ್ಲ. ಬಾಡಿಗೆ ಆಟೋದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಮನೆಗೆ ತಂದೆ. ಆಟೋದವನು ಇಬ್ಬರಿಗೂ ನಮಸ್ಕಾರ ಹೇಳಿದ.

ಕಾವಲುಗಾರ ಬೀಳ್ಕೊಡುವಾಗ ಹೆಂಡತಿಯ ಕೈಗೆ ಏನೋ ಇಟ್ಟ. ಏನು ಅಂತ ಕೇಳಿದರೆ ಇಬ್ಬರೂ ಹೇಳಲಿಲ್ಲ.

ಮೇ ೫, ಸೋಮವಾರ

ಇವತ್ತು ಗಾಜಿಲ್ಲ, ವೀಕ್ಷಕರಿಲ್ಲ, ಮೀಸೆಯಿಲ್ಲ. ಬೆಳಗ್ಗೆಯಿಂದ ನನಗೆ ಇದೊಂದೇ ಯೋಚನೆ, ಇವಳು ಮತ್ತೆ ಎದ್ದು ಕಟ್ಟೆಗೆ ಒರಗಿಬಿಟ್ಟರೆ? ಹತ್ತೂಕಾಲು ಮತ್ತೆ ಏಳಾದರೆ?

ಸಂಜೆ ಮೂವರಿಗೂ ಬಡಿಸಿದೆ. ನನ್ನ ಕುರ್ಚಿಯಲ್ಲಿ ಅಮ್ಮ ಬೊಂಬೆಯನ್ನು ಕೂರಿಸಿದ್ದಳು, ಇರಲಿ ಅಂತ ಬಿಟ್ಟೆ. ಹೆಂಡತಿಯ ತಟ್ಟೆಗೆ ಸೊಪ್ಪು, ಬೇಳೆ, ಮೊಟ್ಟೆ. ಒಳಗೆ ಬಂದು, ಬಾಗಿಲ ಸಂದಿಯಿಂದ ಕಣ್ಣಿಟ್ಟು ನೋಡುತ್ತಿದ್ದೆ. ಎದ್ದಳೇ? ಏಳಲಿಲ್ಲ. ಮಗಳ ಜೊತೆ ಏನೋ ಮಾತಾಡುತ್ತ, ನಿಧಾನಕ್ಕೆ, ಊದಿ ಊದಿ ತಿನ್ನುತ್ತಿದ್ದಾಳೆ. ಮೊಟ್ಟೆ ಮಗಳ ತಟ್ಟೆಗೆ ಹೋಗಲಿಲ್ಲ. ಎರಡನೇ ಸಲಕ್ಕೆ ಅನ್ನ ಒಯ್ದು ಬಡಿಸಿ ಬಂದೆ. ಪಾತ್ರೆಯ ತಳದಲ್ಲಿ ಸ್ವಲ್ಪ ಹಿಡಿದುಕೊಂಡಿತ್ತು. ಅಲ್ಲೇ ಕಟ್ಟೆಯ ಹತ್ತಿರ ಸೌಟಿನಿಂದ ಕೆರೆದುಕೊಂಡು ಎರಡು ತುತ್ತು ಬಾಯಿಗೆ ಹಾಕಿಕೊಂಡಿರಬೇಕು,

ಪೀ!

ಜೀವ ಬಾಯಿಗೆ ಬಂತು. ತಿರುಗಿ ನೋಡಿದರೆ ಹೆಂಡತಿ ಮೇಜಿನಲ್ಲಿ ಕೂತಲ್ಲೇ, ತುಟಿಯ ನಡುವೆ ಸೀಟಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಾಳೆ.

"ಏನದು ನಿಂತ್ಕೊಂಡು?" ಅಂದಳು.

"ಏನಿಲ್ಲ, ಉಳಿದಿತ್ತು, ಅದಕ್ಕೇ..."

"ಎಷ್ಟು ದಿನದಿಂದ ಉಳಿದಿದ್ದು ತಿಂತಿದೀರ?"

ನನಗೇನು ಗೊತ್ತು, ಲೆಕ್ಕ ಇಟ್ಟವರು ಯಾರು? ಅವಳು ಬೊಂಬೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಮೂಲೆಯ ಟ್ರಂಕಿನ ಮೇಲೆ ಕೂರಿಸಿದಳು. ಪೇಪರನ್ನೂ ಅದಕ್ಕೇ ಕೊಟ್ಟಳು. ಅಷ್ಟಕ್ಕೆ ಮಾತ್ರ ಎದ್ದಿದ್ದು, ಮತ್ತೆ ಬಂದು ತನ್ನ ಕುರ್ಚಿಯಲ್ಲಿ ಕೂತಳು. ಖಾಲಿಯಾದ ಕುರ್ಚಿಯನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿದಳು.

ಕೂತೆ. ಮಗಳು ತನ್ನ ಪಕ್ಕದಲ್ಲಿ ತಟ್ಟೆ ಮುಚ್ಚಿಟ್ಟಿದ್ದ ಒಂದು ಸಣ್ಣ ಪಾತ್ರೆಯನ್ನು ನನ್ನ ಮುಂದೆ ಸರಿಸಿದಳು. ನಾನು ಬಡಿಸಲು ಶುರು ಮಾಡುವ ಮೊದಲೇ ನನ್ನ ಪಾಲನ್ನು ಎತ್ತಿಟ್ಟಿದ್ದರಂತೆ, ತಾಯಿ ಮಗಳು ಸೇರಿ. ಮುಚ್ಚಳ ತೆಗೆದರೆ ಹಬೆ ಕನ್ನಡಕಕ್ಕೆ ಬಡಿದು ಏನೂ ಕಾಣಲಿಲ್ಲ. ಮೊದಲ ತುತ್ತಿಗೇ ನಾಲಿಗೆ ಸುಟ್ಟಿತು.

"ಇಷ್ಟು ಬಿಸಿ ಇರುತ್ತಾ?" ಅಂದೆ.

ಅವಳು ಒಂದು ಲೋಟ ನೀರು ನನ್ನ ಕಡೆ ಸರಿಸಿ, ತನ್ನ ಊಟ ಮುಂದುವರಿಸಿದಳು.